ಖಾಲಿ ಕ್ಯಾಸೆಟ್‌ಗಳಲ್ಲಿ ಯಾವ ಬ್ರ್ಯಾಂಡ್ ವಾಸಿ? ಐದು ಥರದ್ದು ಹಾಕಿ ನೋಡಿದೆ, ತಲೆ ಕೆಟ್ಟಿತು

ಪಾಸ್‌ಬಟನ್ ಕೇಳಿದ ಪ್ರಶ್ನೆ

ಚಿಕ್ಕಪ್ಪನ ಹಳೆಯ ಕ್ಯಾಸೆಟ್ ಡೆಕ್ ಎರಡು ತಿಂಗಳ ಹಿಂದೆ ನನ್ನ ಪಾಲಿಗೆ ಬಂತು. ಎಂಬತ್ತರ ದಶಕದ್ದು, ಎರಡು ಹೆಡ್ಡಿನದು. ಟೇಪಿನ ಹಿಸ್ (ಸ್ಸ್ ಅನ್ನುವ ಸದ್ದು) ತಗ್ಗಿಸುವ ಡಾಲ್ಬಿ ಬಿ, ಸಿ ಎರಡೂ ಇವೆ. ಬೆಲ್ಟ್ ಹೊಸದು ಹಾಕಿಸಿದೆ, ಹೆಡ್ಡು, ರಬ್ಬರ್ ರೋಲರ್ ಎಲ್ಲ ಒರೆಸಿದೆ. ಈಗ ಗಡಿಯಾರದ ಹಾಗೆ ಓಡುತ್ತಿದೆ. ಮುಂದುಗಡೆ ಬಯಾಸ್ ಅಂತ ಒಂದು ಚಿಕ್ಕ ಗುಂಡಿ ಇದೆ. ಅದರ ತಂಟೆಗೆ ಹೋಗಿಲ್ಲ, ಚಿಕ್ಕಪ್ಪ ಬಿಟ್ಟಲ್ಲೇ ಇದೆ.

ನನಗೆ ಬೇಕಾಗಿರುವುದು ಎರಡೇ. ಒಂದು, ಎಲ್‌ಪಿ ರೆಕಾರ್ಡುಗಳನ್ನು ಟೇಪಿಗೆ ಇಳಿಸುವುದು. ಇನ್ನೊಂದು, ತಂಗಿ ಪಿಟೀಲು ಅಭ್ಯಾಸ ಮಾಡುವುದನ್ನು ಮೈಕ್ ಇಟ್ಟು ಹಿಡಿಯುವುದು.

ಅಲ್ಲಿ ಇಲ್ಲಿ ಹುಡುಕಿ ಐದು ಥರದ ಕ್ಯಾಸೆಟ್ ಗುಡ್ಡೆ ಹಾಕಿದ್ದೇನೆ. ಎಲ್ಲದರಲ್ಲೂ ಒಂದೇ ಹಾಡು ರೆಕಾರ್ಡ್ ಮಾಡಿ ಕೇಳಿದೆ. ಆಗಿದ್ದು ಹೀಗೆ:

ಮ್ಯಾಕ್ಸೆಲ್ ಯುಆರ್-90, ಹೊಸದು, ಡಾಲ್ಬಿ ಇಲ್ಲದೆ: ಹಿಸ್ ಜಾಸ್ತಿ, ಹಾಡಿನ ಮೇಲೆ ತೆಳು ಬಟ್ಟೆ ಹೊದಿಸಿದ ಹಾಗೆ.

ಟಿಡಿಕೆ ಡಿ-60, ಹಳೆಯದು, ಸೀಲ್ ಒಡೆದಿರಲಿಲ್ಲ, ಡಾಲ್ಬಿ ಇಲ್ಲದೆ: ಹಿಸ್ ಇದೆ, ಆದರೆ ಕೇಳೋಕೆ ಪರವಾಗಿಲ್ಲ.

ಟಿಡಿಕೆ ಎಸ್‌ಎ-90, ಇದೂ ಸೀಲ್ ಒಡೆಯದ್ದು, ಡಾಲ್ಬಿ ಸಿ ಹಾಕಿ: ಹಿಸ್ ಇಲ್ಲವೇ ಇಲ್ಲ. ಆದರೆ ಹಾಡು ಕಂಬಳಿ ಒಳಗಿಂದ ಬಂದ ಹಾಗಿದೆ! ಎಲ್ಲರೂ ಹೊಗಳುವ ಟೇಪು ಇದೇನಾ?

ಬಿಎಎಸ್‌ಎಫ್ ಕ್ರೋಮ್ 90, ಒಮ್ಮೆ ಬಳಸಿದ್ದು, ಡಾಲ್ಬಿ ಬಿ ಹಾಕಿ: ಎಸ್‌ಎಗಿಂತಲೂ ಮಂಕು.

ಸೋನಿ ಮೆಟಲ್ 60, ಇದೂ ಬಳಸಿದ್ದೇ, ಡಾಲ್ಬಿ ಇಲ್ಲದೆ: ಐದರಲ್ಲಿ ಇದೇ ಚೆನ್ನ. ಆದರೆ ಇರೋದು ಒಂದೇ.

ಈಗ ಒಂದು ಬ್ರ್ಯಾಂಡ್ ಹಿಡಿದು ಇಪ್ಪತ್ತು, ಮೂವತ್ತು ಒಟ್ಟಿಗೆ ಕೊಂಡುಬಿಡೋಣ ಅಂತಿದ್ದೇನೆ. ಯಾವುದು ಕೊಳ್ಳಲಿ?

ಮೆಟಲ್‌ಮನುಷ್ಯ

ಉತ್ತರ ನಿಮ್ಮ ಪಟ್ಟಿಯಲ್ಲೇ ಇದೆ ಅಲ್ವಾ? ಮೆಟಲ್. ಲೆವೆಲ್ ಎಷ್ಟು ಏರಿಸಿದರೂ ತಡೆದುಕೊಳ್ಳುತ್ತದೆ, ತಾಳದ ಸದ್ದು ಚೂರೂ ಮುದುಡುವುದಿಲ್ಲ. ಉಳಿದದ್ದೆಲ್ಲ ಸುಮ್ನೆ. ಸಿಕ್ಕಷ್ಟು ಕೊಂಡು ಇಟ್ಟುಕೊಳ್ಳಿ.

ಫೆಲ್ಟ್‌ಪ್ಯಾಡ್

ಕೊಳ್ಳುವ ಮುಂಚೆ ಸ್ವಲ್ಪ ತಾಳಿ. ನೀವು ಐದು ಬ್ರ್ಯಾಂಡ್ ಹೋಲಿಸಿಲ್ಲ. ಒಂದರಲ್ಲಿ ಡಾಲ್ಬಿ ಸಿ, ಇನ್ನೊಂದರಲ್ಲಿ ಬಿ, ಮೂರರಲ್ಲಿ ಏನೂ ಇಲ್ಲ. ಕೆಲವು 60, ಕೆಲವು 90. ಇಷ್ಟೆಲ್ಲ ಬದಲಾದ ಮೇಲೆ ಟೇಪಿನ ಗುಣ ಯಾವುದು, ಡೆಕ್ಕಿನ ಗುಣ ಯಾವುದು ಅಂತ ಹೇಗೆ ಹೇಳೋದು? ಆದರೆ ಒಂದು ಮಾತು ಮಾತ್ರ ಎದ್ದು ಕಾಣುತ್ತಿದೆ. ಮೆಟಲ್ ಬಿಟ್ಟರೆ ಉಳಿದ ಎಲ್ಲವೂ ಹೆಚ್ಚು ಕಮ್ಮಿ ಮಂಕು. ಮೂರು ಕಂಪನಿಯ ನಾಲ್ಕು ಟೇಪು ಒಂದೇ ರೀತಿ ತಪ್ಪು ಮಾಡಿದರೆ ನಾನು ಟೇಪನ್ನು ಅನುಮಾನಿಸುವುದಿಲ್ಲ. ನೀವು ಮುಟ್ಟದೆ ಬಿಟ್ಟ ಆ ಗುಂಡಿಯನ್ನು ಅನುಮಾನಿಸುತ್ತೇನೆ.

ಬಯಾಸ್ ಅಂದರೆ ಏನು ಅಂತ ಚಿಕ್ಕದಾಗಿ ಹೇಳುತ್ತೇನೆ. ರೆಕಾರ್ಡ್ ಮಾಡುವಾಗ ಡೆಕ್ಕು ಹಾಡಿನ ಜೊತೆಗೆ ಕಿವಿಗೆ ಕೇಳದ ಇನ್ನೊಂದು ಸಿಗ್ನಲ್ಲನ್ನೂ ಹೆಡ್ಡಿಗೆ ಕೊಡುತ್ತದೆ. 100 ಕಿಲೊಹರ್ಟ್ಸ್ ಆಸುಪಾಸಿನದು. ಅದಿಲ್ಲದಿದ್ದರೆ ಟೇಪು ಹಾಡನ್ನು ಒಡಕು ಒಡಕಾಗಿ ಹಿಡಿಯುತ್ತದೆ. ಎಷ್ಟು ಕೊಡಬೇಕು ಅನ್ನುವುದು ಟೇಪಿನಿಂದ ಟೇಪಿಗೆ ಬೇರೆ. ಕಮ್ಮಿಯಾದರೆ ಟ್ರೆಬಲ್ ಕುಣಿಯುತ್ತದೆ, ಒಡಕೂ ಜಾಸ್ತಿ. ಹೆಚ್ಚಾದರೆ ಟ್ರೆಬಲ್ ಅಳಿಸಿಹೋಗುತ್ತದೆ. ನಿಮಗೆ ಆಗಿರುವುದು ಎರಡನೆಯದು. ಗುಂಡಿ ನಡುವಿನ ಗೀಟಿಗಿಂತ ಬಲಕ್ಕೆ, ಪ್ಲಸ್ ಕಡೆ ಇದೆಯಾ ನೋಡಿ.

ಬಿಎಎಸ್‌ಎಫ್ ಯಾಕೆ ಎಲ್ಲಕ್ಕಿಂತ ಮಂಕಾಯಿತು ಅನ್ನುವುದಕ್ಕೂ ಇದೇ ಕಾರಣ ಹೊಂದುತ್ತದೆ. ಅದು ನಿಜವಾದ ಕ್ರೋಮಿಯಂ ಡೈಆಕ್ಸೈಡ್ ಟೇಪು. ಟಿಡಿಕೆ ಎಸ್‌ಎ, ಮ್ಯಾಕ್ಸೆಲ್ ಎಕ್ಸ್‌ಎಲ್-ಟೂ ಇವೆಲ್ಲ ಟೈಪ್ 2 (ಕ್ರೋಮ್ ವರ್ಗದ ಟೇಪು) ಅನ್ನಿಸಿಕೊಂಡರೂ ಒಳಗೆ ಕ್ರೋಮ್ ಇಲ್ಲ. ಕೋಬಾಲ್ಟ್ ಲೇಪಿಸಿದ ಕಬ್ಬಿಣದ ಆಕ್ಸೈಡ್ ಅದು. ಟಿಡಿಕೆ 1975ರಲ್ಲಿ ಎಸ್‌ಎ ತಂದಿದ್ದೇ ಕ್ರೋಮ್‌ಗೆ ಬದಲಿಯಾಗಿ. ಅಪ್ಪಟ ಕ್ರೋಮ್‌ಗೆ ಇವುಗಳಿಗಿಂತ ಬಯಾಸ್ ಸ್ವಲ್ಪ ಕಮ್ಮಿ ಸಾಕು. ಜಪಾನಿನ ಡೆಕ್ಕುಗಳಲ್ಲಿ ಬಹಳಷ್ಟನ್ನು ಕೋಬಾಲ್ಟ್ ಟೇಪಿಗೆ ಹೊಂದಿಸಿರುತ್ತಾರೆ. ಅಂಥ ಡೆಕ್ಕಿನಲ್ಲಿ, ಅದೂ ಬಯಾಸ್ ಇನ್ನಷ್ಟು ಏರಿಸಿಟ್ಟಿದ್ದರೆ, ಬಿಎಎಸ್‌ಎಫ್ ಮಂಕಾಗದೆ ಇನ್ನೇನಾದೀತು? ಪಾಪ, ಅದರ ತಪ್ಪಿಲ್ಲ. ಹಿಸ್ ಕಮ್ಮಿ ಇರುವುದರಲ್ಲಿ ಅದು ಒಳ್ಳೆಯ ಹೆಸರಿನ ಟೇಪು. (ಅಪ್ಪಟ ಕ್ರೋಮ್ ಹೌದೋ ಅಲ್ಲವೋ ತಿಳಿಯಲು ಮೂಸಿ ನೋಡಿ. ಮಕ್ಕಳ ಮೇಣದ ಬಣ್ಣದ ಕಡ್ಡಿಯ ವಾಸನೆ ಬರುತ್ತದೆ. ನಾನು ಈಗಲೂ ಡಬ್ಬಿ ತೆರೆದ ತಕ್ಷಣ ಮೂಸುತ್ತೇನೆ, ಮನೆಯವರು ನಗುತ್ತಾರೆ.)

ಇನ್ನು ಎಸ್‌ಎ ಕಂಬಳಿ ಹೊದ್ದಿದ್ದು. ಡಾಲ್ಬಿ ಮಾಡುವ ಕೆಲಸ ನೋಡಿ. ರೆಕಾರ್ಡ್ ಮಾಡುವಾಗ ಮೆಲ್ಲಗಿರುವ ಟ್ರೆಬಲ್ ಎತ್ತುತ್ತದೆ, ಕೇಳುವಾಗ ಅಷ್ಟೇ ಇಳಿಸುತ್ತದೆ. ಇಳಿಸುವಾಗ ಹಿಸ್ಸೂ ಇಳಿಯುತ್ತದೆ. ಬಿ ಆದರೆ ಸುಮಾರು 10 ಡೆಸಿಬೆಲ್, ಸಿ ಆದರೆ ಸುಮಾರು 20. ಆದರೆ ಎಷ್ಟು ಇಳಿಸಬೇಕು ಅನ್ನುವುದನ್ನು ಅದು ಟೇಪಿನಿಂದ ಬಂದ ಸದ್ದನ್ನು ನೋಡಿಯೇ ತೀರ್ಮಾನಿಸುತ್ತದೆ. ನಡುವೆ ಟೇಪು 2 ಡೆಸಿಬೆಲ್ ಟ್ರೆಬಲ್ ನುಂಗಿತು ಅಂತಿಟ್ಟುಕೊಳ್ಳಿ. ಡಾಲ್ಬಿಗೆ ಅದು ಗೊತ್ತಾಗುವುದಿಲ್ಲ. ‘ಓ, ಇಲ್ಲಿ ಮೆಲ್ಲಗಿದೆ’ ಅಂದುಕೊಂಡು ಇನ್ನಷ್ಟು ಅದುಮುತ್ತದೆ. ಸಣ್ಣ ತಪ್ಪನ್ನು ದೊಡ್ಡದು ಮಾಡಿ ತೋರಿಸುವ ಚಾಡಿಕೋರ ಅದು. ಸಿ ಇನ್ನೂ ದೊಡ್ಡ ಚಾಡಿಕೋರ. ಡಿ-60ರಲ್ಲಿ ನೀವು ಡಾಲ್ಬಿ ಹಾಕಲಿಲ್ಲ, ಹಾಗಾಗಿ ಅದು ಬಚಾವಾಯಿತು. ಡಿ ಅಂದರೆ ಟಿಡಿಕೆಯ ದಿನಬಳಕೆಯ ಟೈಪ್ 1, ಸಾದಾ ಕಬ್ಬಿಣದ ಆಕ್ಸೈಡ್ ಟೇಪು. ಅದು ಎಸ್‌ಎಯನ್ನು ಸೋಲಿಸಿದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ.

ಈಗ ಪರೀಕ್ಷೆ. ಮೂರು ಹೆಡ್ಡಿನ ಡೆಕ್ ಆಗಿದ್ದರೆ ರೆಕಾರ್ಡ್ ಆಗುತ್ತಿರುವಾಗಲೇ ಕೇಳಬಹುದಿತ್ತು. ಎರಡು ಹೆಡ್ಡಿನದಕ್ಕೆ ತಾಳ್ಮೆ ಬೇಕು, ಅಷ್ಟೇ. ಫೋನಿನಲ್ಲಿ ವೈಟ್ ನಾಯ್ಸ್ ಹಾಕಿ ಡೆಕ್ಕಿಗೆ ಕೊಡಿ. ಮೀಟರು ಮೈನಸ್ 20ರ ಹತ್ತಿರ ಇರಲಿ. ಜೋರಾಗಿ ಕೊಟ್ಟರೆ ಟ್ರೆಬಲ್ ತಾನಾಗಿಯೇ ಮುದುಡಿ ಪರೀಕ್ಷೆ ಹಾಳಾಗುತ್ತದೆ. ಡಾಲ್ಬಿ ತೆಗೆಯಿರಿ. ಗುಂಡಿಯನ್ನು ಪೂರ್ತಿ ಎಡಕ್ಕೆ ಇಟ್ಟು ಅರ್ಧ ನಿಮಿಷ, ಒಂದು ಗೀಟು ಸರಿಸಿ ಅರ್ಧ ನಿಮಿಷ, ಹೀಗೆ ಬಲದ ತುದಿಯವರೆಗೆ. ನಾನು ಮೊದಲೆಲ್ಲ ‘ಈಗ ನಡುವೆ, ಈಗ ಒಂದು ಬಲಕ್ಕೆ’ ಅಂತ ಮೈಕಿನಲ್ಲಿ ಹೇಳುತ್ತಿದ್ದೆ. ನನ್ನ ಡೆಕ್ಕಿನಲ್ಲಿ ಮೈಕು ಚುಚ್ಚಿದ ಕೂಡಲೇ ಲೈನ್ ಕಟ್ ಆಗುತ್ತಿತ್ತು. ಮುಕ್ಕಾಲು ಗಂಟೆ ನನ್ನ ದನಿ ಮಾತ್ರ ರೆಕಾರ್ಡ್ ಮಾಡಿದ ಮೇಲೆ ಬುದ್ಧಿ ಬಂತು. ಕೌಂಟರ್ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ, ಅದೇ ಸಲೀಸು. ಆಮೇಲೆ ಹೆಡ್‌ಫೋನಿನಲ್ಲಿ ಮೂಲವನ್ನೂ ಟೇಪನ್ನೂ ಒಂದಾದ ಮೇಲೊಂದು ಕೇಳಿ. ಎಲ್ಲಿ ಎರಡರ ‘ಶ್‌ಶ್’ ಒಂದೇ ಥರ ಕೇಳುತ್ತದೋ ಅದೇ ಆ ಟೇಪಿನ ಜಾಗ. ಕ್ಯಾಸೆಟ್ಟಿನ ಕಾರ್ಡಿನ ಮೇಲೆ ಬರೆದಿಡಿ.

ಮೆಟಲ್ ಬಗ್ಗೆ: ಹೇಳಿದವರು ತಪ್ಪು ಹೇಳಿಲ್ಲ, ಅದರ ತಾಕತ್ತೇ ಬೇರೆ. ಆದರೆ ಮೆಟಲ್ ಟೇಪನ್ನು ಈಗ ಹೊಸದಾಗಿ ಯಾರೂ ತಯಾರಿಸುತ್ತಿಲ್ಲ. ಇರುವುದೆಲ್ಲ ಹಳೆಯ ದಾಸ್ತಾನು. ಎಲ್‌ಪಿಯ ಸರಸರ ಸದ್ದನ್ನು ಮೆಟಲ್‌ನಲ್ಲಿ ಹಿಡಿದಿಡುವುದು, ಮಳೆನೀರು ಹಿಡಿಯಲು ಬೆಳ್ಳಿ ಕೊಡ ಇಟ್ಟ ಹಾಗೆ.

ಸ್ಕ್ರೂಡ್ರೈವರ್

ಮೇಲಿನವರು ಟೇಪಿನ ಬಗ್ಗೆ ಹೇಳಿದರು. ನಾನು ಪೆಟ್ಟಿಗೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನ್ನ ಮೇಜಿಗೆ ಬರುವ ಹಳೆಯ ಕ್ಯಾಸೆಟ್‌ಗಳಲ್ಲಿ ಟೇಪು ಕೆಟ್ಟಿರುವುದು ಕಮ್ಮಿ, ಪೆಟ್ಟಿಗೆ ಕೈಕೊಟ್ಟಿರುವುದು ಜಾಸ್ತಿ.

ಸೀಲ್ ಒಡೆಯದ ಹಳೇ ಕ್ಯಾಸೆಟ್ ಅಂದರೆ ಹೊಸದು ಅಂತಲ್ಲ. ಮುಂದುಗಡೆ ನಡುವಿನ ಕಿಂಡಿಯಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಒಂದು ಚಿಕ್ಕ ಪ್ಯಾಡ್ ಇರುತ್ತದೆ. ಅದನ್ನು ಅಂಟಿಸಿದ ಗೋಂದು ವರ್ಷಗಳಲ್ಲಿ ಒಣಗುತ್ತದೆ. ಪ್ಯಾಡ್ ಉದುರಿದ್ದರೆ ಎಷ್ಟೇ ದೊಡ್ಡ ಬ್ರ್ಯಾಂಡ್ ಆದರೂ ಸದ್ದು ಹೋಗಿ ಬಂದು ಮಾಡುತ್ತದೆ. ಟೇಪನ್ನೂ ಅದರ ತುದಿಯ ಬಿಳಿ ಪಟ್ಟಿಯನ್ನೂ ಸೇರಿಸುವ ಅಂಟೂ ಹಾಗೆಯೇ. ಜೋರಾಗಿ ರಿವೈಂಡ್ ಮಾಡಿ ತುದಿ ಮುಟ್ಟಿದ ಕೂಡಲೇ ಕಿತ್ತುಕೊಳ್ಳುತ್ತದೆ. ಹಳೆಯದು ಯಾವುದೇ ಆದರೂ ರೆಕಾರ್ಡ್ ಮಾಡುವ ಮುಂಚೆ ಒಮ್ಮೆ ಆ ತುದಿಗೂ ಒಮ್ಮೆ ಈ ತುದಿಗೂ ಓಡಿಸಿ, ಕೊನೆಯಲ್ಲಿ ಕೈ ಸ್ಟಾಪ್ ಗುಂಡಿಯ ಮೇಲೇ ಇರಲಿ. ಸುರುಳಿ ಸಡಿಲವಾಗುತ್ತದೆ, ಅಂಟಿಕೊಂಡ ಪದರ ಬಿಡುತ್ತದೆ, ಕಿಂಡಿಯಲ್ಲಿನ ಧೂಳೂ ಕಾಣುತ್ತದೆ.

ಐದು ಸ್ಕ್ರೂ ಇರುವ ಪೆಟ್ಟಿಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಂಟಿಸಿದ ಪೆಟ್ಟಿಗೆ ಕೆಟ್ಟದ್ದೇನಲ್ಲ, ಮ್ಯಾಕ್ಸೆಲ್ ಯುಆರ್ ಈಗ ಬರುವುದೂ ಅಂಥದ್ದರಲ್ಲೇ. ಆದರೆ ರಿಪೇರಿ ಅಂತ ಬಂದರೆ ಬ್ಲೇಡ್ ಹಾಕಿ ಸೀಳಬೇಕು, ಆಮೇಲೆ ಅದನ್ನು ಎಸೆದು ಟೇಪನ್ನು ಬೇರೆ ಪೆಟ್ಟಿಗೆಗೆ ಹಾಕಬೇಕು. ಟಿಡಿಕೆ ಎಂಎ-ಆರ್ ಅಂತ ಒಂದಿತ್ತು, ಪೆಟ್ಟಿಗೆಯ ಚೌಕಟ್ಟೇ ಎರಕದ ಲೋಹ. ಕೈಯಲ್ಲಿ ಹಿಡಿದರೆ ಅದರ ತೂಕಕ್ಕೇ ಗೌರವ ಬರುತ್ತದೆ. ಅದರ ಒಂದು ಸ್ಕ್ರೂ ಬಿಚ್ಚುವಾಗ ನನ್ನ ಕೈ ನಡುಗಿದ್ದು ನಿಜ.

ಹೊಸದೇ ಬೇಕು ಅಂದರೆ ಆಯ್ಕೆ ಹೆಚ್ಚಿಲ್ಲ. ಯುಆರ್ ಇದೆ. ಫ್ರಾನ್ಸಿನ ರೆಕಾರ್ಡಿಂಗ್ ದಿ ಮಾಸ್ಟರ್ಸ್ 2018ರಲ್ಲಿ ಹೊಸ ಸಿ-60 ತಂದಿತು. ಅಮೆರಿಕದ ನ್ಯಾಷನಲ್ ಆಡಿಯೊ ಕಂಪನಿಯೂ ಸ್ವಂತ ಟೇಪು ಮಾಡುತ್ತದೆ. ಹೆಸರೇ ಕೇಳದ ಅಗ್ಗದ ಕ್ಯಾಸೆಟ್ಟಿಗೆ ಮಾತ್ರ ಕೈ ಹಾಕಬೇಡಿ. ಅಂಥದ್ದೊಂದು ಒಮ್ಮೆ ನನ್ನ ಹೆಡ್ಡಿನ ಮೇಲೆ ಕಂದು ಪುಡಿ ಉದುರಿಸಿ, ಅರ್ಧ ಹಾಡಿಗೇ ಟ್ರೆಬಲ್ ಮುಚ್ಚಿಹಾಕಿತ್ತು.

ಪಾಸ್‌ಬಟನ್

ಗುಂಡಿ ಬಲಕ್ಕೇ ಇತ್ತು! ನಡುವಿನಿಂದ ಎರಡು ಗೀಟು. ಮೂರು ಸಂಜೆ ಕೂತು ಫೆಲ್ಟ್‌ಪ್ಯಾಡ್ ಅವರು ಹೇಳಿದಂತೆ ‘ಶ್‌ಶ್’ ಕೇಳಿದೆ. ಈಗ ಕನಸಿನಲ್ಲೂ ಅದೇ.

ಎಸ್‌ಎಗೆ ಸರಿಯಾಗಿ ನಡುವೆ. ಡಿ-60, ಯುಆರ್ ಎರಡಕ್ಕೂ ನಡುವಿನಿಂದ ಅರ್ಧ ಗೀಟು ಎಡಕ್ಕೆ. ಬಿಎಎಸ್‌ಎಫ್‌ಗೆ ಒಂದೂವರೆ ಗೀಟು ಎಡಕ್ಕೆ. ಅಲ್ಲಿಗೆ ತಂದ ಮೇಲೆ ಬಿಎಎಸ್‌ಎಫ್ ಬೇರೆಯೇ ಕ್ಯಾಸೆಟ್ಟಾಯಿತು! ಮೂಸಿಯೂ ನೋಡಿದೆ, ಬಣ್ಣದ ಕಡ್ಡಿಯೇ. ಎಸ್‌ಎ ಮೇಲೆ ಡಾಲ್ಬಿ ಸಿ ಹಾಕಿ ಮತ್ತೆ ಅದೇ ಹಾಡು ಹಿಡಿದೆ. ಕಂಬಳಿ ಹೋಯಿತು. ಕಣ್ಣು ಮುಚ್ಚಿ ಕೇಳಿದರೆ ಎಲ್‌ಪಿ ಯಾವುದು, ಟೇಪು ಯಾವುದು ಅಂತ ತಂಗಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಆದರೆ ಸುಮ್ಮನಿದ್ದೆ.

ಸ್ಕ್ರೂಡ್ರೈವರ್ ಅವರು ಹೇಳಿದ ಹಾಗೆ ಎರಡನೇ ಎಸ್‌ಎ ತೆರೆದು ನೋಡಿದರೆ ಪ್ಯಾಡ್ ಪೆಟ್ಟಿಗೆಯ ಒಳಗೆ ಗಲಗಲ ಅಂತಿತ್ತು. ಬದಲಾಯಿಸಬೇಕು.

ಇನ್ನೆರಡು ಪ್ರಶ್ನೆ. 60 ಕೊಳ್ಳಲಾ, 90 ಕೊಳ್ಳಲಾ? ರೆಕಾರ್ಡಿಂಗ್ ಲೆವೆಲ್ ಎಲ್ಲಿಡಬೇಕು?

ಫೆಲ್ಟ್‌ಪ್ಯಾಡ್

ಭೇಷ್.

ಉದ್ದ ಮೊದಲು. ಟೇಪು ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಅರ್ಧ ಗಂಟೆಗೆ ಸುಮಾರು 86 ಮೀಟರ್ ಬೇಕು, ಮುಕ್ಕಾಲು ಗಂಟೆಗೆ ಸುಮಾರು 129. ಪೆಟ್ಟಿಗೆಯ ಅಳತೆ ಅಷ್ಟೇ ಇರುವಾಗ ಜಾಸ್ತಿ ಉದ್ದ ಹಿಡಿಸಬೇಕಾದರೆ ಟೇಪು ತೆಳ್ಳಗಾಗಬೇಕು. ಸಿ-60 ಟೇಪು 16ರಿಂದ 18 ಮೈಕ್ರಾನ್ ದಪ್ಪ, ಸಿ-90 ಸುಮಾರು 12, ಸಿ-120 ಬರೀ 9. ತೆಳುವಾದಷ್ಟೂ ಹಿಗ್ಗುತ್ತದೆ, ಸಿಕ್ಕಿಕೊಳ್ಳುತ್ತದೆ. ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಚ್ಚಾಗುವುದೂ ಜಾಸ್ತಿ. ಹಾಡು ಶುರುವಾಗುವ ಮುಂಚೆಯೇ ಅದರ ನೆರಳು ಕೇಳುತ್ತದಲ್ಲ, ಅದು.

ಎಲ್‌ಪಿಯ ಎರಡೂ ಬದಿ ಸೇರಿ ನಲವತ್ತೈದು ನಿಮಿಷದೊಳಗೆ ಮುಗಿದರೆ ಸಿ-90ರ ಒಂದು ಬದಿಗೆ ಒಂದು ಎಲ್‌ಪಿ ಕೂರುತ್ತದೆ. ಅದಕ್ಕೇ 90 ಅಷ್ಟು ಓಡಿದ್ದು. ಆ ಕೆಲಸಕ್ಕೆ 90 ತಗೊಳ್ಳಿ. ಪಿಟೀಲಿಗೆ 60. ಎಳೆದ ಸ್ವರದಲ್ಲಿ ವೇಗ ಕೂದಲೆಳೆಯಷ್ಟು ಅಲುಗಾಡಿದರೂ ಕಿವಿಗೆ ಚುಚ್ಚುತ್ತದೆ. ದಪ್ಪ ಟೇಪು ಅಲ್ಲಿ ನಿಮ್ಮ ಪರ.

120ರ ಕಡೆ ತಿರುಗಿಯೂ ನೋಡಬೇಡಿ. ಅಪ್ಪ ಒಮ್ಮೆ ತಮ್ಮ ಬಾಲ್ಯದ ಕತೆ ಹೇಳಲು ಕೂತರು. ತಿರುಗಿಸುವ ತಾಪತ್ರಯ ಬೇಡ ಅಂತ ನಾನು 120 ಹಾಕಿದೆ. ಒಂದು ಗಂಟೆ ಮಾತಾಡಿದರು, ಚೆನ್ನಾಗಿಯೇ ರೆಕಾರ್ಡ್ ಆಯಿತು. ಮೂರನೇ ಸಲ ಕೇಳುವಾಗ ಟೇಪು ರೋಲರ್‌ಗೆ ಸುತ್ತಿಕೊಂಡಿತು. ಬಿಡಿಸಿ ತೆಗೆದಾಗ ಎರಡು ಮೀಟರ್ ಟೇಪು ಕಡಲೆ ಪೊಟ್ಟಣದ ಕಾಗದದ ಹಾಗೆ ಸುಕ್ಕಾಗಿತ್ತು. ಅವರು ಈಜು ಕಲಿತ ಕತೆ ಅಲ್ಲಿತ್ತು. ಈಗ ಅದು ‘ನೀರಿಗೆ ಇಳಿದೆ’ ಅಂತ ಶುರುವಾಗಿ ಗುಳುಗುಳು ಅಂದು ‘ಮನೆಗೆ ಬಂದೆ’ ಅಂತ ಮುಗಿಯುತ್ತದೆ. ಬ್ರ್ಯಾಂಡ್ ಹೆಸರು ಬೇಡ, ಆ ದಪ್ಪಕ್ಕೆ ಯಾರು ಮಾಡಿದ್ದರೂ ಅದೇ ಗತಿ ಆಗುತ್ತಿತ್ತೇನೋ.

ಲೆವೆಲ್: ಟೈಪ್ 1, ಟೈಪ್ 2ಕ್ಕೆ ಜೋರು ಭಾಗದಲ್ಲಿ ಮೀಟರು ಪ್ಲಸ್ 2, 3 ಮುಟ್ಟಿದರೆ ಸಾಕು. ಮೆಟಲ್‌ಗೆ ಪ್ಲಸ್ 5ರವರೆಗೂ ಧೈರ್ಯ ಮಾಡಬಹುದು. ಆದರೆ ಮೀಟರಿಗಿಂತ ಸಂಗೀತ ನೋಡಿ. ತಾಳ, ಗೆಜ್ಜೆ ಇದ್ದರೆ ಇಳಿಸಿ, ಯಾಕೆಂದರೆ ಕ್ಯಾಸೆಟ್ಟಿನಲ್ಲಿ ಮೊದಲು ತುಂಬಿ ತುಳುಕುವುದು ಟ್ರೆಬಲ್ಲೇ. ಬರೀ ಮಾತು, ಬರೀ ಬೇಸ್ ಇದ್ದರೆ ಸ್ವಲ್ಪ ಏರಿಸಿ.

ಕೊನೆಗೆ ನೀವು ಕೇಳಿದ್ದಕ್ಕೇ ಬರುತ್ತೇನೆ. ಎಲ್‌ಪಿಗೆ ಯುಆರ್-90 ಕೊಳ್ಳಿ, ಡಾಲ್ಬಿ ಬಿ ಹಾಕಿ. ಹೊಸದು, ನಾಳೆಯೂ ಅದೇ ಸಿಗುತ್ತದೆ, ಗುಂಡಿ ಒಮ್ಮೆ ಇಟ್ಟರೆ ಅದಕ್ಕಾಗಿ ಮತ್ತೆ ಹುಡುಕಾಡಬೇಕಾಗಿಲ್ಲ. ಅದರಲ್ಲಿ ಹಿಸ್ ಇದ್ದೇ ಇದೆ. ಟೈಪ್ 1 ಕೇಳುವಾಗಿನ ಈಕ್ವಲೈಸೇಶನ್ (ಡೆಕ್ಕು ಟ್ರೆಬಲ್ ತಿದ್ದುವ ಅಳತೆ) 120 ಮೈಕ್ರೊಸೆಕೆಂಡ್, ಟೈಪ್ 2ಕ್ಕೆ 70. ಆ ಒಂದೇ ವ್ಯತ್ಯಾಸಕ್ಕೆ ಟೈಪ್ 2ರಲ್ಲಿ 4 ಡೆಸಿಬೆಲ್ಲಿನಷ್ಟು ಹಿಸ್ ಕಮ್ಮಿ. ಎಲ್‌ಪಿಯ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ಪಿಟೀಲಿಗೆ ಮಾತ್ರ ಎಸ್‌ಎ ಎತ್ತಿಡಿ. ಒಂದೇ ವಾದ್ಯ, ನಡುನಡುವೆ ಮೌನ. ಹಿಸ್ ಕೇಳುವುದು ಆ ಮೌನದಲ್ಲೇ. ಇನ್ನಷ್ಟು ಬೇಕೆಂದರೆ ಎಸ್‌ಎ-60 ಹುಡುಕಿ. ಟಿಡಿಕೆ ತನ್ನ ರೆಕಾರ್ಡಿಂಗ್ ಮೀಡಿಯಾ ವ್ಯವಹಾರವನ್ನು 2007ರಲ್ಲೇ ಇಮೇಶನ್‌ಗೆ ಮಾರಿಬಿಟ್ಟಿತು. ಹಾಗಾಗಿ ಸಿಗುವುದೆಲ್ಲ ಹಳೆಯದೇ, ಪ್ಯಾಡ್ ನೋಡಿಯೇ ಬಳಸಿ.

ಮೆಟಲ್‌ಮನುಷ್ಯ

ಪಿಟೀಲಿಗೂ ಮೆಟಲ್ಲೇ. ಬೆಳ್ಳಿ ಕೊಡ ಅಂದರೆ ಅನ್ನಿ, ನನ್ನ ಕೊಡ ಸೋರುವುದಿಲ್ಲ.

ಫೆಲ್ಟ್‌ಪ್ಯಾಡ್

ಆಯಿತು ಮಾರಾಯರೇ, ಒಪ್ಪಿದೆ. ಅವರ ಹತ್ತಿರ ಒಂದು ಮೆಟಲ್ ಇದೆಯಲ್ಲ, ಅದು ತಂಗಿಯ ಕಛೇರಿಯ ದಿನಕ್ಕೆ ಇರಲಿ.

ಪಾಸ್‌ಬಟನ್

ಯುಆರ್ ಹತ್ತು ತರಿಸಿದೆ, ಸದ್ಯಕ್ಕೆ ಇಪ್ಪತ್ತು ಬೇಡ ಅನ್ನಿಸಿತು.

ಆ ಗುಂಡಿ ಯಾಕೆ ಎರಡು ಗೀಟು ಬಲಕ್ಕಿತ್ತು ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ನಿನ್ನೆ ಚಿಕ್ಕಪ್ಪನ ಸ್ಪೀಕರ್ ಪೆಟ್ಟಿಗೆ ಸರಿಸಿದಾಗ ಹಿಂದೆ ಒಂದು ಬೂಟಿನ ಡಬ್ಬ ಸಿಕ್ಕಿತು. ಒಳಗೆ ಹದಿನಾಲ್ಕು ಕ್ಯಾಸೆಟ್, ಎಲ್ಲವೂ ಟಿಡಿಕೆ ಎಡಿ-60. ಒಂದೊಂದರ ಕಾರ್ಡಿನ ಮೂಲೆಯಲ್ಲೂ ಪೆನ್ಸಿಲಿನಲ್ಲಿ ‘ಬ. +2’ ಅಂತ ಬರೆದಿದ್ದಾರೆ. ಎಡಿಯ ಟ್ರೆಬಲ್ ಸ್ವಭಾವತಃ ಚುರುಕು ಅಂತ ಓದಿದೆ. ಅದನ್ನು ತಗ್ಗಿಸಲು ಬಯಾಸ್ ಏರಿಸಿಟ್ಟಿದ್ದಾರೆ. ಫೆಲ್ಟ್‌ಪ್ಯಾಡ್ ಅವರೇ, ನೀವು ಹೇಳಿದ ಕೆಲಸವನ್ನು ಅವರೂ ಮಾಡಿದ್ದರು, ಬೇರೆ ಟೇಪಿಗೆ.

ಮೊದಲನೆಯದನ್ನು ಹಾಕಿ ಕೇಳಿದೆ. ಪ್ಯಾಡ್ ಗಟ್ಟಿಯಾಗಿದೆ. ಹಿಸ್ ಇದೆ, ಮಂಕು ಎಲ್ಲೂ ಇಲ್ಲ. ಮೇಲೆ ಮತ್ತೆ ರೆಕಾರ್ಡ್ ಆಗದಂತೆ ಮುರಿಯುವ ಚಿಕ್ಕ ಟ್ಯಾಬ್ ಇರುತ್ತದಲ್ಲ, ಯಾವುದರದ್ದನ್ನೂ ಅವರು ಮುರಿದಿರಲಿಲ್ಲ, ನನ್ನಂಥವನು ಮರೆತು ರೆಕಾರ್ಡ್ ಒತ್ತಿದರೆ ಮುಗಿಯಿತು. ಹದಿನಾಲ್ಕರದ್ದೂ ಎರಡೆರಡು ಟ್ಯಾಬ್ ಮುರಿದು ಅದೇ ಡಬ್ಬದಲ್ಲಿ ಇಟ್ಟಿದ್ದೇನೆ.